ಇಲೆ-ಇಫೆಯಲ್ಲಿ ಒಬಾತಲಾನ ಗುಡಿ

ನೈಜೀರಿಯಾದ ಲಾಗೋಸ್‌ನಿಂದ ಇಲೆ-ಇಫೆ ಊರಿಗೆ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್. ದಾರಿಯಲ್ಲಿ ಸಿಗುವ ಇಬಾದಾನ್ ನಗರದವರೆಗೆ ರೈಲಿದೆ, ಆದರೆ ಅದು ಇಳಿಸುವುದು ಊರಾಚೆಯ ಮೊನಿಯಾದಲ್ಲಿ. ಅಲ್ಲಿಂದ ಟ್ಯಾಕ್ಸಿ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು. ಲಸಿಕೆಯ ಕಾರ್ಡ್ ಮರೆತರೆ ವಾಪಸ್ ಬಂದಾಗ ಬೆಂಗಳೂರಿನಲ್ಲೇ ತಡೆದು ಪ್ರತ್ಯೇಕವಾಗಿ ಇರಿಸುತ್ತಾರೆ.

ಇಷ್ಟು ದೂರ ಬರಬೇಕಾದದ್ದು ಒಬಾತಲಾನಿಗಾಗಿ. ಯೊರೂಬಾ ಜನರ ನಂಬಿಕೆಯಲ್ಲಿ ಮನುಷ್ಯರ ಮೈಯನ್ನು ಮಣ್ಣಿನಿಂದ ಮಾಡುವವನು ಇವನು. ಉಸಿರು ತುಂಬುವವನು ಪರಮದೈವ ಒಲೊದುಮಾರೆ. ಒಮ್ಮೆ ತಾಳೆ ಹೆಂಡ ಕುಡಿದ ಅಮಲಿನಲ್ಲಿ ಕೆಲಸಕ್ಕೆ ಕೂತಾಗ ಗೂನುಬೆನ್ನಿನವರು, ಕಾಲಿಲ್ಲದವರು, ಕುಳ್ಳರು, ಹುಟ್ಟಿನಿಂದಲೇ ಮೈ, ಕೂದಲು ಎರಡೂ ಬಿಳುಪಾದವರು ಅವನ ಕೈಯಿಂದ ರೂಪ ಪಡೆದರು. ಅಮಲಿಳಿದ ಮೇಲೆ ಹೆಂಡ ಬಿಟ್ಟ, ಅವರನ್ನೆಲ್ಲ ತನ್ನವರೆಂದು ಕಾಯುವ ಹೊಣೆ ಹೊತ್ತ. ಅದಕ್ಕೇ ಅವರಿಗೆ 'ಎನಿ ಒರಿಶಾ', ದೇವರ ಮಂದಿ, ಎಂಬ ಹೆಸರು. ಭಕ್ತರೂ ಹೆಂಡ ಮುಟ್ಟುವುದಿಲ್ಲ.

ಗುಡಿಯಲ್ಲಿ ಎಲ್ಲವೂ ಬಿಳಿ: ಬಟ್ಟೆ, ಬಿಳಿ ಮಣ್ಣಿನ ಉಂಡೆ, ಕವಡೆ. ನೈವೇದ್ಯಕ್ಕೆ ಉಪ್ಪಿಲ್ಲದ ಯಾಮ್ ಗೆಡ್ಡೆ, ಬಸವನಹುಳು. ಕೆಂಪು ತಾಳೆ ಎಣ್ಣೆ ಸಲ್ಲದು, ಬದಲಿಗೆ ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆ. ಕಾಣಿಕೆ ಒಯ್ಯುವವರು ಬಿಳಿ ಕೋಲಾ ಕಾಯಿ ಹುಡುಕಿ. ಬಣ್ಣದ ಬಟ್ಟೆ ಉಟ್ಟು ಹೋಗಬೇಡಿ.

ಯೊರೂಬಾ ಜನರ ಗಿಡಮೂಲಿಕೆಗಳ ದೇವರು ಒಸಾನ್ಯಿನ್‌ನ ರೂಪವನ್ನೂ ಮರೆಯಬಾರದು. ಅವನಿಗೆ ಒಂದೇ ಕಣ್ಣು, ಒಂದೇ ಕೈ, ಒಂದೇ ಕಾಲು. ಮದ್ದು ಕೊಡುವವನೇ ಅಂಗವಿಕಲ! ಅವನ ಕಬ್ಬಿಣದ ಕೋಲಿನ ತುದಿಯಲ್ಲಿ ಒಂದು ಹಕ್ಕಿ, ಸುತ್ತ ಹಲವು ಹಕ್ಕಿಗಳು. ಇಫೆಯ ನೆಲದಲ್ಲಿ ಸಿಕ್ಕ ಹಳೆಯ ಸುಟ್ಟಮಣ್ಣಿನ ಗೊಂಬೆಗಳಲ್ಲೂ ರೋಗದಿಂದ, ಊನದಿಂದ ಮೈ ಬದಲಾದವರಿದ್ದಾರೆ. ರಾಜರ ತಲೆಯ ಶಿಲ್ಪಗಳನ್ನು ಮಾಡಿದ ಊರು ಅವರನ್ನೂ ಬಿಡದೆ ಮಾಡಿತು.

ಊನಕ್ಕೆ ತಾಯಿಯ ಪಾಪ ಹುಡುಕದೆ ತಪ್ಪು ದೇವರದೇ ಎನ್ನುವ ಈ ಕಥೆ ತುಂಬ ದೊಡ್ಡ ಮನಸ್ಸಿನದು. ಆದರೆ ಶಾಪ, ಮಾಟ, ನಿಷೇಧ ಮುರಿದ ಫಲ ಎಂಬ ವಿವರಣೆಯೂ ಅದೇ ಸಮಾಜದಲ್ಲಿದೆ. ದೇವರ ಮಂದಿ ಎಂದಾಗ ಗೌರವದ ಜೊತೆಗೆ ಬೇರೆಯಾಗಿ ಇರಿಸುವುದೂ ಬಂತು: ಹಿಂದೆ ಇಂಥ ಕೆಲವು ಮಕ್ಕಳನ್ನು ಗುಡಿಯ ಸೇವೆಗೇ ಬಿಡುತ್ತಿದ್ದರು. ಅಂಗವಿಕಲರ ವಿರುದ್ಧ ತಾರತಮ್ಯ ನಿಷೇಧಿಸುವ ಕಾನೂನಿಗೆ ನೈಜೀರಿಯಾದಲ್ಲಿ ಅಂಕಿತ ಬಿದ್ದದ್ದು 2019ರ ಜನವರಿಯಲ್ಲಿ.

ಫೋಟೊ ತೆಗೆಯುವ ಮೊದಲು ಪೂಜಾರಿಯನ್ನು ಕೇಳಿ. ಅಲ್ಲಿರುವ ಅಂಗವಿಕಲರ ಫೋಟೊ ಬೇಕಿದ್ದರೆ ಪೂಜಾರಿಯ ಒಪ್ಪಿಗೆ ಸಾಲದು, ಅವರನ್ನೇ ಕೇಳಿ.