ಒಳಗಿನ ಹುಳ ಎಲ್ಲಿ ಹೋತು?

"ಸರ್, ಇದರಾಗಿನ ಹುಳ ಎಲ್ಲಿ ಹೋತ್ರಿ?"

ಈ ಸೋಮವಾರ ಕೊಪ್ಪಳ ಸೀಮೆಯ ಒಂದು ಶಾಲೆಯಲ್ಲಿ ಎರಡನೇ ತರಗತಿಯ ಹುಡುಗಿ ಕಲ್ಲಾದ ಶಂಖವನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ ಮಾತು. ಪಕ್ಕದಲ್ಲಿದ್ದ ಶಿಕ್ಷಕರು ತಟ್ಟನೆ, "ಸತ್ತು ಕಲ್ಲಾಗೇತಿ, ಕುಂದ್ರವ್ವ" ಅಂದರು. ಮಕ್ಕಳ ಮೇಲೆ ಅಕ್ಕರೆಯಿರುವ ಮನುಷ್ಯರೇ. ಆದರೆ ಆ ಉತ್ತರ ತಪ್ಪು, ಕುಂದ್ರು ಅಂದದ್ದು ಇನ್ನೂ ತಪ್ಪು.

ಹುಳ ಎಲ್ಲಿ ಹೋತು? ಪಳೆಯುಳಿಕೆ ಅಂದರೇನು ಎಂಬುದೆಲ್ಲ ಈ ಪ್ರಶ್ನೆಯಲ್ಲೇ ಇದೆ. ಹುಳದ ಮೆತ್ತನೆಯ ಮೈ ಕೊಳೆತುಹೋಯಿತು. ಖಾಲಿ ಚಿಪ್ಪಿನೊಳಗೆ ಕಡಲ ಕೆಸರು ತುಂಬಿ ಗಟ್ಟಿಯಾಯಿತು. ಆಮೇಲೆ ಚಿಪ್ಪೂ ಕರಗಿತು. ಅವಳ ಕೈಯಲ್ಲಿದ್ದದ್ದು ಹುಳ ವಾಸವಿದ್ದ ಜಾಗದ ಎರಕ.

ಇದನ್ನು ಬಾಯಲ್ಲಿ ಹೇಳಿದರೆ ಏಳು ವರ್ಷದ ಮಕ್ಕಳಿಗೆ ಹತ್ತುವುದಿಲ್ಲ, ಕೈಯಲ್ಲಿ ಮಾಡಿಸಬೇಕು. ಮಲ್ಪೆ ಕಡೆಯ ಈಗಿನ ಕಪ್ಪೆಚಿಪ್ಪಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ ಜೇಡಿಮಣ್ಣಿಗೆ ಒತ್ತಿ, ನೆಟ್ಟಗೆ ಮೇಲೆತ್ತಬೇಕು. ಅಲುಗಾಡಿಸಿದರೆ ಗೆರೆಗಳು ಅಳಿಸುತ್ತವೆ. ಒಂದು ಲೋಟ ನೀರಿಗೆ ಎರಡು ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯನ್ನು ಉದುರಿಸುತ್ತಾ ಹೋಗಬೇಕು. ಪುಡಿಯ ಮೇಲೆ ನೀರು ಸುರಿದರೆ ಗಂಟು ಕಟ್ಟುತ್ತದೆ, ಜೋರಾಗಿ ಕಲಕಿದರೆ ಗುಳ್ಳೆ ಏಳುತ್ತದೆ. ಕಲಸುವುದು, ಮಣ್ಣಿನ ಅಚ್ಚಿಗೆ ಸುರಿಯುವುದು ದೊಡ್ಡವರ ಕೆಲಸ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಮಕ್ಕಳು ಅದರೊಳಗೆ ಕೈ ಅದ್ದಲೇಬಾರದು. ಉಳಿದದ್ದನ್ನು ಮೋರಿಗೆ ಚೆಲ್ಲಬೇಡಿ, ಕಟ್ಟಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ಮಣ್ಣು ಬಿಡಿಸಿದರೆ ಚಿಪ್ಪಿಲ್ಲದೆಯೇ ಚಿಪ್ಪಿನ ಆಕಾರ ಹೊರಬರುತ್ತದೆ. ಆಗ ಹೇಳಿ, ಕೇಳುತ್ತಾರೆ.

ತರಗತಿಯಲ್ಲಿ ಮಕ್ಕಳ ಕೈಗೆ ಕೊಡುವ ಕಲ್ಲುಗಳು ಮಗುವಿನ ಮುಷ್ಟಿಯಷ್ಟಾದರೂ ಇರಲಿ, ಸಣ್ಣವು ಬಾಯಿಗೋ ಮೂಗಿಗೋ ಹೋಗುತ್ತವೆ. ಐದು ಮಕ್ಕಳಿಗೆ ಒಂದು ಸಾಕು. ಕಡಲ ದಂಡೆಯಲ್ಲಿ ಆಯ್ದ ಪಳೆಯುಳಿಕೆಯನ್ನು ದಿನಾ ನೀರು ಬದಲಿಸಿ ಕೆಲವು ದಿನ ಸಿಹಿನೀರಲ್ಲಿ ನೆನೆಸಿಡಬೇಕು. ಇಲ್ಲದಿದ್ದರೆ ಉಪ್ಪು ಬಿಳಿಯಾಗಿ ಉಕ್ಕಿ ಮೇಲ್ಮೈ ಉದುರುತ್ತದೆ. ಸುಣ್ಣಗಲ್ಲನ್ನು ಗುರುತಿಸಲು ಅದನ್ನು ಮೊಳೆಯಿಂದ ಕೆರೆದು ಆ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ನೊರೆ ಬರುತ್ತದೆ. ಈ ಪರೀಕ್ಷೆ ಪಳೆಯುಳಿಕೆಯ ಮೇಲೆ ಬೇಡ, ಹುಳಿ ಅದನ್ನು ತಿನ್ನುತ್ತದೆ.

"ನಮ್ಮ ಗುಡ್ಡದಾಗೂ ಶಂಖ ಸಿಗತಾವೇನ್ರಿ?" ಅಂತ ಹಿಂದಿನ ಸಾಲಿನಿಂದ ಇನ್ನೊಬ್ಬ. ಸಿಗುವುದಿಲ್ಲ. ಇಲ್ಲಿನ ಗ್ರಾನೈಟ್ ಭೂಮಿಯಾಳದ ಕರಗಿದ ಶಿಲೆ ಆರಿ ಆದದ್ದು, ವಯಸ್ಸು ಸುಮಾರು 250 ಕೋಟಿ ವರ್ಷ. ಚಿಪ್ಪಿನ ಪ್ರಾಣಿಗಳು ಬಂದು ಸುಮಾರು 54 ಕೋಟಿ ವರ್ಷ, ಅಷ್ಟೆ. ಶಂಖ ಬೇಕಿದ್ದರೆ ಕೇರಳದ ಕೊಲ್ಲಂ ಹತ್ತಿರದ ಪಡಪ್ಪಕ್ಕರದಂಥ ಜಾಗದ ಸುಣ್ಣಗಲ್ಲು ನೋಡಬೇಕು, ಅದು ಹೆಚ್ಚುಕಡಿಮೆ 2 ಕೋಟಿ ವರ್ಷದ್ದು. ಹಾಗಂತ ನಮ್ಮ ಕಲ್ಲೇನು ಬಡವಲ್ಲ. ಸಂಡೂರಿನ ಕಬ್ಬಿಣದ ಅದಿರನ್ನು ಟೈಲ್ಸಿನ ಒರಟು ಹಿಂಬದಿಗೆ ಉಜ್ಜಿಸಿ: ಕಪ್ಪಗೆ ಕಾಣುವ ಕಲ್ಲು ಕೆಂಪು ಗೆರೆ ಎಳೆಯುತ್ತದೆ. ಮ್ಯಾಂಗನೀಸ್ ಅದಿರಿನದು ಕಪ್ಪು ಗೆರೆ. ಆಮೇಲೆ ಸೋಪು ಹಚ್ಚಿ ಕೈ ತೊಳೆಸಬೇಕು.

ನಮ್ಮ ಕಡೆಯ ಕಲ್ಲು ರಸ್ತೆ ಬದಿಯಲ್ಲಿ, ಹೊಲದ ಬದುವಿನಲ್ಲಿ ಬೇಕಾದಷ್ಟು ಸಿಗುತ್ತವೆ. ಇದೇ ಜಿಲ್ಲೆಯ ಹಿರೇಬೆಣಕಲ್ಲಿನ ಪ್ರಾಚೀನ ಶಿಲಾಸಮಾಧಿಗಳ ಹತ್ತಿರದಿಂದ ಮಾತ್ರ ಒಂದು ಚೂರೂ ಎತ್ತಬಾರದು, ಮಕ್ಕಳಿಗೂ ಅದನ್ನು ಅಲ್ಲೇ ಹೇಳಿ.