ಕಾರಿನ ಎಸಿ ಗ್ಯಾಸ್ ಖರ್ಚಾಗುವುದಿಲ್ಲ, ಸೋರುತ್ತದೆ

ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ, ಎಪ್ಪತ್ತು ದಾಟಿದ ಅಮ್ಮನನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯುತ್ತಿದ್ದಾಗ ನಮ್ಮ ಹಳೆಯ ಕಾರಿನ ಎಸಿ ಬಿಸಿಗಾಳಿ ಬೀಸತೊಡಗಿತು. ಹದಿನಾಲ್ಕು ತಿಂಗಳಲ್ಲಿ ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಗ್ಯಾರೇಜಿನಲ್ಲಿ "ಗ್ಯಾಸ್ ಖಾಲಿ ಆಗ್ಯಾದ್ರಿ ಸರ್, ತುಂಬಿದ್ರ ಆಯ್ತು" ಎಂದು ಹೇಳಿ ಅರ್ಧ ಗಂಟೆಯಲ್ಲಿ ತುಂಬಿ ಕಳಿಸಿದ್ದರು. ಈ ಸಲ ನಾನು ಹೋದದ್ದು ಫ್ರಿಜ್ ರಿಪೇರಿ ಅಂಗಡಿ ಇಟ್ಟಿರುವ ಭಾವನವರ ಬಳಿಗೆ. ಅವರು ಕೇಳಿದ್ದು ಒಂದೇ ಮಾತು: "ಗ್ಯಾಸ್ ಅಂದ್ರ ಪೆಟ್ರೋಲ್ ಏನೋ ತಮ್ಮಾ, ಸುಟ್ಟು ಖರ್ಚಾಗ್ಲಕ್ಕ? ಎಲ್ಲಿ ಸೋರಲತ್ತದ ಅದು ಮೊದಲು ನೋಡು."

ಆದರೆ ತಂಪು ಬರಲಿಲ್ಲವೆಂದ ಮಾತ್ರಕ್ಕೆ ಗ್ಯಾಸೇ ಕಾರಣವೆಂದು ತಿಳಿಯಬಾರದು. ಗಾಳಿಯೇ ಕಡಿಮೆ ಬರುತ್ತಿದ್ದರೆ ಡ್ಯಾಶ್‌ಬೋರ್ಡಿನ ಡಬ್ಬಿಯ ಹಿಂದಿರುವ ಕ್ಯಾಬಿನ್ ಫಿಲ್ಟರ್ ಧೂಳು ಕಟ್ಟಿರಬಹುದು. ಓಡುವಾಗ ತಂಪಾಗಿ, ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಯಾಗುತ್ತಿದ್ದರೆ ಬಿಸಿ ಗ್ಯಾಸನ್ನು ತಣಿಸುವ ಕಂಡೆನ್ಸರಿನ ಫ್ಯಾನಿನ ಮೇಲೆ ಮೊದಲ ಅನುಮಾನ. ನಮ್ಮ ಕಾರಿನಲ್ಲಿ ಇವೆರಡೂ ಸರಿಯಿದ್ದವು, ಫ್ಯೂಸ್ ಮತ್ತು ರಿಲೇ ಕೂಡ ಸರಿಯಿದ್ದವು. ಆದರೆ ಎಸಿ ಗುಂಡಿ ಒತ್ತಿದಾಗ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಕ್ಲಚ್ ಕೂಡಿಕೊಳ್ಳುವ 'ಟಕ್' ಎಂಬ ಸದ್ದು ಮಾತ್ರ ಬರಲಿಲ್ಲ.

ಎಂಜಿನ್ ಆರಿಸಿ ಒತ್ತಡದ ಗೇಜ್ ಜೋಡಿಸಿದಾಗ ಮುಳ್ಳು 20 ಪಿಎಸ್‌ಐನಲ್ಲಿ (ಚದರ ಇಂಚಿಗೆ ಪೌಂಡ್) ನಿಂತಿತು. ನಮ್ಮ ಕಾರಿನಲ್ಲಿರುವುದು ಆರ್-134ಎ ಎಂಬ ಗ್ಯಾಸ್. ವ್ಯವಸ್ಥೆಯೊಳಗೆ ಸ್ವಲ್ಪವಾದರೂ ದ್ರವರೂಪದಲ್ಲಿ ಉಳಿದಿದ್ದರೆ, 30 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಅದರ ಒತ್ತಡ 95 ಪಿಎಸ್‌ಐ ಆಸುಪಾಸು ಇರಲೇಬೇಕು. ಆದ್ದರಿಂದ ನಿಂತ ಕಾರಿನಲ್ಲಿ 95 ಕಂಡರೆ ಗ್ಯಾಸ್ ಸಾಕಷ್ಟಿದೆ ಎಂದು ಅರ್ಥವಲ್ಲ. ಆದರೆ 20 ಕಂಡರೆ ಬಹುಪಾಲು ಹೋಗಿದೆ ಎಂಬುದು ಖಂಡಿತ. ಒತ್ತಡ ಇಷ್ಟು ಇಳಿದಾಗ ಕಂಪ್ರೆಸರನ್ನು ಓಡಗೊಡದಂತೆ ಒಂದು ಸ್ವಿಚ್ ತಡೆಯುತ್ತದೆ. ಅದಕ್ಕೆ ತಂತಿ ಜೋಡಿಸಿ ಕ್ಲಚ್ಚನ್ನು ಒತ್ತಾಯದಿಂದ ಓಡಿಸುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕಂಪ್ರೆಸರಿಗೆ ಎಣ್ಣೆ ತಲುಪುವುದು ಗ್ಯಾಸಿನ ಜೊತೆಯಲ್ಲೇ. ಗ್ಯಾಸ್ ಇಲ್ಲದೆ ಓಡಿದರೆ ಅದು ಒಣಗಿ ಜಾಮ್ ಆಗುತ್ತದೆ.

ಸೋರಿಕೆಯನ್ನು ಹುಡುಕುವುದಕ್ಕೆ ಒಂದು ಇಡೀ ಬೆಳಿಗ್ಗೆ ಹಿಡಿಯಿತು. ಬಾನೆಟ್ಟಿನ ಕೆಳಗೆ ಎಲ್ಲ ಕಡೆಯೂ ನಮ್ಮೂರಿನ ಒಣ ಧೂಳು. ಕಂಡೆನ್ಸರಿಗೆ ಪೈಪು ಸೇರುವ ಒಂದು ಜಾಗದಲ್ಲಿ ಮಾತ್ರ ಧೂಳು ಕಪ್ಪಗೆ, ಜಿಡ್ಡಾಗಿ, ಉಗುರಿನಿಂದ ಕೆರೆದರೆ ಮುದ್ದೆಯಾಗಿ ಬರುವಂತೆ ಅಂಟಿತ್ತು. ಗ್ಯಾಸ್ ಸೋರುವಾಗ ಎಣ್ಣೆಯೂ ಜೊತೆಗೆ ಬರುವುದರಿಂದ ಈ ಗುರುತು ಉಳಿಯುತ್ತದೆ. ಸೋಪಿನ ನೊರೆಯನ್ನು ಬ್ರಷ್ಷಿನಿಂದ ಹಚ್ಚಿ ಕಾದಾಗ ಸಾಸಿವೆಯಷ್ಟು ಗಾತ್ರದ ಒಂದು ಗುಳ್ಳೆ ಎದ್ದಿತು, ಕಡಲೆಯಷ್ಟು ದೊಡ್ಡದಾಯಿತು, ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಎದ್ದಿತು. ಎರಡು ಸಲ ಹಣ ಕೊಟ್ಟು ತುಂಬಿಸಿದ್ದೆಲ್ಲ ಹೋದದ್ದು ಇಲ್ಲಿಂದಲೇ.

ಜೋಡಣೆಯನ್ನು ಬಿಚ್ಚುವ ಮೊದಲು ಉಳಿದ ಗ್ಯಾಸನ್ನು ಭಾವನವರ ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಂಡೆವು. ಇದನ್ನು ಗಾಳಿಗೆ ಬಿಡುವುದು ದೊಡ್ಡ ತಪ್ಪು. ಒಂದು ಕಿಲೋ ಆರ್-134ಎ ಭೂಮಿಯನ್ನು ಬಿಸಿ ಮಾಡುವುದು ಒಂದು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. ಯಂತ್ರವಿಲ್ಲದವರು ಈ ಒಂದು ಹಂತವನ್ನು ಅದು ಇರುವ ವರ್ಕ್‌ಶಾಪಿನಲ್ಲೇ ಮಾಡಿಸಬೇಕು. ಒಳಗಿದ್ದ ರಬ್ಬರಿನ ಓ-ರಿಂಗ್ ಚಪ್ಪಟೆಯಾಗಿ ಸೀಳಿತ್ತು. ಎಸಿಗೆಂದೇ ಬರುವ ಹಸಿರು ರಿಂಗಿಗೆ ಕಾರಿನ ಎಸಿಯಲ್ಲಿ ಬಳಸುವ ಪಿಎಜಿ ಎಣ್ಣೆ ಸವರಿ ಕೂರಿಸಿದೆ. ಫ್ರಿಜ್ಜಿನ ಎಣ್ಣೆ ಬೇರೆಯದಾದ್ದರಿಂದ ಅಂಗಡಿಯಲ್ಲಿದ್ದುದನ್ನು ಬಳಸಲಿಲ್ಲ.

ಮುಂದಿನದು ವ್ಯಾಕ್ಯೂಮ್, ಅಂದರೆ ಒಳಗಿನ ಗಾಳಿ, ತೇವವನ್ನೆಲ್ಲ ಪಂಪಿನಿಂದ ಎಳೆದು ತೆಗೆಯುವುದು. ಅವಸರದ ಗ್ಯಾರೇಜುಗಳಲ್ಲಿ ಬಿಟ್ಟುಹೋಗುವ ಹಂತ ಇದೇ, ಮತ್ತು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದೂ ಇದೇ. ಒಳಗೆ ತೇವ ಉಳಿದರೆ ಅದು ಗ್ಯಾಸಿನ ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಕಿಂಡಿಯಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ಒತ್ತಡ ತೀರ ಇಳಿದಾಗ ನೀರು ಸಾಮಾನ್ಯ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಪಂಪಿನ ಮೂಲಕ ಹೊರಬರುತ್ತದೆ. ಗೇಜಿನಲ್ಲಿ ಪಾದರಸದ 29 ಇಂಚಿನಷ್ಟು ವ್ಯಾಕ್ಯೂಮ್ ಬರಬೇಕೆಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಸಮುದ್ರಮಟ್ಟದ ಲೆಕ್ಕ. ಎತ್ತರ ಹೋದಂತೆ ಹೊರಗಿನ ಗಾಳಿಯ ಒತ್ತಡವೇ ಕಡಿಮೆಯಾಗುವುದರಿಂದ, ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ 28ರ ಆಚೆ ಸ್ವಲ್ಪವೇ ಹೋಗುತ್ತದೆ, ಬೆಂಗಳೂರಿನಲ್ಲಾದರೆ 27ರ ಹತ್ತಿರವೇ ನಿಲ್ಲುತ್ತದೆ. ಪಂಪು ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. 45 ನಿಮಿಷ ಎಳೆದು, ವಾಲ್ವ್ ಮುಚ್ಚಿ, ಅರ್ಧ ಗಂಟೆ ಕಾದೆವು. ಮುಳ್ಳು ಅಲುಗಲಿಲ್ಲ.

ಗ್ಯಾಸನ್ನು ಒತ್ತಡ ನೋಡಿ ಅಲ್ಲ, ತೂಕ ನೋಡಿ ತುಂಬಬೇಕು. ನಮ್ಮ ಕಾರಿನ ಬಾನೆಟ್ಟಿನ ಒಳಗೆ ಅಂಟಿಸಿದ ಚೀಟಿಯಲ್ಲಿ 380 ಗ್ರಾಂ ಎಂದಿತ್ತು. ಕ್ಯಾನನ್ನು ಡಿಜಿಟಲ್ ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಪೈಪಿನ ಗಾಳಿಯನ್ನು ಕಳೆದು, ಕಡಿಮೆ ಒತ್ತಡದ ಬದಿಗೆ (ಕಂಪ್ರೆಸರ್ ಗ್ಯಾಸನ್ನು ಒಳಗೆಳೆಯುವ ಕಡೆಗೆ) ಮಾತ್ರ ಜೋಡಿಸಿದೆ. ಹೆಚ್ಚು ಒತ್ತಡದ ಬದಿಗೆ ಜೋಡಿಸಿದರೆ ಕ್ಯಾನೇ ಸಿಡಿಯಬಹುದು. ತಲೆಕೆಳಗಾಗಿ ಹಿಡಿದರೆ ದ್ರವ ನೇರವಾಗಿ ಕಂಪ್ರೆಸರಿಗೆ ನುಗ್ಗಿ ಅದನ್ನು ಮುರಿಯಬಹುದು. ಈ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುವಂಥದ್ದು, ಕಣ್ಣಿಗೋ ಚರ್ಮಕ್ಕೋ ತಾಗಿದರೆ ಹೆಪ್ಪುಗಟ್ಟಿಸುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಕೈ ಹಚ್ಚಲೇಬಾರದು. ಇನ್ನೊಂದಿಷ್ಟು ಹಾಕಿದರೆ ಇನ್ನಷ್ಟು ತಂಪಾದೀತೆಂಬ ಆಸೆಯನ್ನೂ ಬಿಡಬೇಕು, ಏಕೆಂದರೆ ಹೆಚ್ಚಾದರೆ ಒತ್ತಡ ಏರಿ ತಂಪು ಕಡಿಮೆಯಾಗುತ್ತದೆ. ಹೊಸ ಕಾರುಗಳ ಆರ್-1234ವೈಎಫ್ ಗ್ಯಾಸಿಗೆ ಬೆಂಕಿ ಹತ್ತಬಲ್ಲದು, ಎಲೆಕ್ಟ್ರಿಕ್ ಕಾರುಗಳ ಕಂಪ್ರೆಸರ್ ಓಡುವುದು ಹೈ ವೋಲ್ಟೇಜಿನಲ್ಲಿ. ಅವೆರಡೂ ಮನೆಯಂಗಳದ ಕೆಲಸವಲ್ಲ.

ತಕ್ಕಡಿಯಲ್ಲಿ 380 ಗ್ರಾಂ ಇಳಿದ ಕೂಡಲೇ ವಾಲ್ವ್ ಮುಚ್ಚಿದೆ. ಹೊರಗೆ 38 ಡಿಗ್ರಿ ಇದ್ದಾಗ ಎಸಿಯ ಕಿಂಡಿಗೆ ಸಿಕ್ಕಿಸಿದ ಥರ್ಮಾಮೀಟರ್ 9 ಡಿಗ್ರಿ ತೋರಿಸಿತು. ಆ ದಿನದ ತಾರೀಖು, ತೂಕ, ಎರಡೂ ಬದಿಯ ಒತ್ತಡಗಳನ್ನು ಚೀಟಿಯ ಪಕ್ಕದಲ್ಲೇ ಮಾರ್ಕರಿನಿಂದ ಬರೆದಿಟ್ಟಿದ್ದೇನೆ. ಮುಂದೆ ಯಾರು ಬಾನೆಟ್ ತೆರೆದರೂ ಅವರಿಗೆ ಮೊದಲು ಅದು ಕಾಣಲಿ.