18 ಮಿಲಿಮೀಟರ್ ಲ್ಯಾಪ್‌ಟಾಪು, 40 ಡಿಗ್ರಿ ಊರು

4 ಮೇ 2025, ರವಿವಾರ, ರಾತ್ರಿ 10:50
ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ನಮ್ಮ ಹಳ್ಳಿ, ಆಯಿಯ (ಅಜ್ಜಿಯ) ಮನೆ

ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪಿಗೆ ಬಿಡುವಿಲ್ಲ. ಪಡಸಾಲಿಯ ನಡುವೆ ಎರಡು ಇಟ್ಟಂಗಿ ಮೇಲೆ ಕುಂತು ಬುಧವಾರದ ಲಗ್ನವನ್ನು ಎಕ್ಸ್‌ಪೋರ್ಟ್ ಮಾಡುತ್ತಿದೆ. 31 ಪರ್ಸೆಂಟ್ ಆಗಿದೆ. ನಾಳೆ ಮಧ್ಯಾಹ್ನದೊಳಗೆ ಪೆನ್‌ಡ್ರೈವ್ ವಿಜಯಪುರದಲ್ಲಿ ಮದುಮಗನ ಕೈಗೆ ಹೋಗಬೇಕು, ಮಂಗಳವಾರ ಅವನ ವಿಮಾನ.

ಲಗ್ನದ ವಿಡಿಯೊ ಮಾಡುವವರ ಹಣೆಬರಹ ನೋಡಿ. ನಮಗೆ ಕೆಲಸ ಇರುವುದೇ ಏಪ್ರಿಲ್ ಮೇದಲ್ಲಿ. ವಿಜಯಪುರದಲ್ಲಿ ಹಗಲು ಹೊರಗೆ ಕಾಲಿಡಲಾಗದ್ದೂ ಅದೇ ಏಪ್ರಿಲ್ ಮೇದಲ್ಲಿ. ಕಳೆದ ಬುಧವಾರ, 30ನೇ ತಾರೀಖು, ಬಸವ ಜಯಂತಿ ಮತ್ತು ಅಕ್ಷಯ ತದಿಗೆ ಒಂದೇ ದಿನ ಬಂತು. ಆ ದಿನ ಕ್ಯಾಮೆರಾ ಇದ್ದವನು ಯಾರೂ ಮನೆಯಲ್ಲಿ ಇರಲಿಲ್ಲ. ನಾನು ಒಂದು ಲಗ್ನ ಹಿಡಿದೆ, ಎರಡು ಕ್ಯಾಮೆರಾ, ಮೆರವಣಿಗೆ ರಾತ್ರಿಯದು. ರಾತ್ರಿಯ ಶಾಟ್ ಎಂದರೆ ಕಾಳುಕಾಳಾಗಿ ಬರುತ್ತದೆ, ಅದನ್ನು ನುಣುಪು ಮಾಡಲು ನಾಯ್ಸ್ ರಿಡಕ್ಷನ್ ಹಾಕಲೇಬೇಕು. ಕಂಪ್ಯೂಟರಿನ ಬೆವರಿಳಿಸುವ ಕೆಲಸ ಅದು.

ಗುರುವಾರ ಮಧ್ಯಾಹ್ನ ವಿಜಯಪುರದ ನನ್ನ ಖೋಲಿಯಲ್ಲಿ ಎಡಿಟಿಂಗಿಗೆ ಕುಂತೆ. ಖೋಲಿ ಮೊದಲ ಮಾಳಿಗೆಯಲ್ಲಿದೆ, ಮೇಲೆ ಆರ್‌ಸಿಸಿ ಸ್ಲ್ಯಾಬು. ಗೋಡೆ ಗಡಿಯಾರದ ಥರ್ಮಾಮೀಟರ್ 39 ತೋರಿಸುತ್ತಿತ್ತು. ಟೈಮ್‌ಲೈನ್ ಎಳೆದರೆ ಚಿತ್ರ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ವಧುವಿನ ಕೈ ಅರ್ಧ ಎತ್ತಿ ನಿಂತುಬಿಟ್ಟಿತು. ಫ್ಯಾನಿನ ಸದ್ದು ನಮ್ಮ ಓಣಿಯ ಹಿಟ್ಟಿನ ಗಿರಣಿಯದೇ.

ಮಶೀನಿನ ಉಷ್ಣ, ವೇಗ ತೋರಿಸುವ ಎಚ್‌ಡಬ್ಲ್ಯೂ ಇನ್ಫೋ ಅನ್ನುವ ಸಾಫ್ಟ್‌ವೇರ್ ತೆರೆದಿಟ್ಟು ಎಕ್ಸ್‌ಪೋರ್ಟ್ ಒತ್ತಿದೆ. ಮೊದಲ ಕೆಲವು ಸೆಕೆಂಡು ನೋಡಲು ಭಾಳ ಚಂದ. ಪ್ರೊಸೆಸರಿನ ವೇಗ 4.8 ಗಿಗಾಹರ್ಟ್ಜ್, ಎಳೆಯುವ ವಿದ್ಯುತ್ತು 100 ವ್ಯಾಟ್ ದಾಟಿದೆ. ಉಷ್ಣ 70, 85, 96, 100. ಅಲ್ಲಿಂದ ಉಷ್ಣ ಏರಲಿಲ್ಲ, ಉಳಿದದ್ದೆಲ್ಲ ಇಳಿಯಿತು. ವೇಗ 3.4. 2.6. ಐದು ನಿಮಿಷಕ್ಕೆ 1.7. ಥರ್ಮಲ್ ಥ್ರಾಟ್ಲಿಂಗ್, ಎಂದರೆ ಬಿಸಿ ತಾಳದೆ ಚಿಪ್ಪು ತಾನೇ ವೇಗ ಇಳಿಸಿಕೊಳ್ಳುವುದು, ಎನ್ನುವ ಸಾಲಿನ ಮುಂದೆ ಕೆಂಪಗೆ ಯೆಸ್, ಯೆಸ್, ಯೆಸ್. ಒಂದೂವರೆ ಲಕ್ಷದ ಮಶೀನು, ಆರು ಕಂತು ಇನ್ನೂ ಬಾಕಿ.

ಮೊದಲು ಕಂಪನಿಯವರಿಗೆ ಬೈದೆ. ಆಮೇಲೆ ಡಬ್ಬಿಯ ಮೇಲಿನ ಬರಹ ಸರಿಯಾಗಿ ಓದಿದೆ. 5.4 ಗಿಗಾಹರ್ಟ್ಜ್ ವರೆಗೆ ಅಂತಿದೆ. ಸುಳ್ಳೇನಲ್ಲ. "ವರೆಗೆ" ಅನ್ನುವ ಆ ಒಂದು ಮಾತಿನೊಳಗೆ ಎಲ್ಲ ಅಡಗಿದೆ. ನನ್ನ ಪ್ರೊಸೆಸರಿಗೆ ಎರಡು ಲೆಕ್ಕ: ಗಡಿಬಿಡಿ ಕೆಲಸಕ್ಕೆ ಸ್ವಲ್ಪ ಹೊತ್ತು 115 ವ್ಯಾಟ್, ದಿನವಿಡೀ ಎಳೆಯಲು 45 ವ್ಯಾಟ್. ಆ ಸ್ವಲ್ಪ ಹೊತ್ತು ಎಂದರೆ ಸಾಮಾನ್ಯವಾಗಿ ಅರ್ಧ ನಿಮಿಷ, ತಯಾರಕರು ಮನಸ್ಸು ಮಾಡಿದರೆ ಇನ್ನಷ್ಟು. ವೆಬ್ ಪುಟ ತೆರೆಯಲು, ಫೋಟೊ ಒಂದು ತಿದ್ದಲು ಅಷ್ಟು ಸಾಕು. ಎರಡು ತಾಸಿನ ಸಿನಿಮಾ ಎಕ್ಸ್‌ಪೋರ್ಟ್ ಮಾಡುವವನಿಗೆ ಬೇಕಾದದ್ದು ಎರಡನೆಯ ಅಂಕಿ. ಅದು ಡಬ್ಬಿಯ ಮೇಲೆ ಇರುವುದಿಲ್ಲ. ನಮ್ಮ ಕಡೆ ತೆರಬಂಡಿ ಪಂದ್ಯಕ್ಕೆ ಎತ್ತು ಕೊಳ್ಳುವವರು ಜಿಗಿತ ನೋಡಿ ಕೊಳ್ಳುವುದಿಲ್ಲ, ಗಾಲಿ ಕಟ್ಟಿದ ಬಂಡಿಯನ್ನು ಕಡೆತನಕ ಎಳೆಯುತ್ತದೋ ಇಲ್ಲವೋ ನೋಡುತ್ತಾರೆ. ಲ್ಯಾಪ್‌ಟಾಪು ಕೊಳ್ಳುವಾಗ ನನಗೆ ಆ ಬುದ್ಧಿ ಇರಲಿಲ್ಲ. 18 ಮಿಲಿಮೀಟರ್ ದಪ್ಪ, ಚೀಲದಲ್ಲಿ ನೋಟ್‌ಬುಕ್ಕಿನಂತೆ ಕೂಡುತ್ತದೆ ಅಂತ ಕೊಂಡೆ.

ಸಂಜೆ ಫೋನು. "ಅಣ್ಣಾರ, ನಮ್ಮ ವಿಡಿಯೊ ಎಲ್ಲಿಗಿ ಬಂತ್ರಿ?"

"ನಡದೈತ್ರಿ" ಅಂದೆ. ನಡೆದಿದ್ದೇನೋ ಖರೆ, ಓಡುತ್ತಿರಲಿಲ್ಲ ಅಷ್ಟೇ.

ತಮ್ಮನ ಸಲಹೆ: ಫ್ರಿಜ್ಜಿನಲ್ಲಿಡು. ಅವ್ವ, "ಮತ್ತ ಹಾಲಿನ ಪಾತೇಲಿ ಎಲ್ಲಿಡ್ಲಿ?" ಅಂದಳು. ತಮ್ಮ ಹುಚ್ಚನೇನಲ್ಲ. 2018ರ ಜುಲೈಯಲ್ಲಿ ಹೊಸ ಮ್ಯಾಕ್‌ಬುಕ್ ಪ್ರೊ ಬಂದಾಗ ಯೂಟ್ಯೂಬಿನ ಡೇವ್ ಲೀ ಅದನ್ನು ಫ್ರೀಜರಿನಲ್ಲಿಟ್ಟೇ ವಿಡಿಯೊ ರೆಂಡರ್ ಮಾಡಿ ತೋರಿಸಿದ್ದ. ಹೊರಗಿಗಿಂತ ಒಳಗೆ ಬೇಗ ಮುಗಿಯಿತು. ದೊಡ್ಡ ಗದ್ದಲವಾಯಿತು, ಫರ್ಮ್‌ವೇರಿನಲ್ಲಿ, ಎಂದರೆ ಮಶೀನಿನೊಳಗಿನ ಮೂಲ ಸಾಫ್ಟ್‌ವೇರಿನಲ್ಲಿ, ಒಂದು ಡಿಜಿಟಲ್ ಕೀ ಬಿಟ್ಟುಹೋಗಿತ್ತು ಅಂತ ಆಪಲ್ ಒಪ್ಪಿಕೊಂಡು ಕೆಲವೇ ದಿನಗಳಲ್ಲಿ ಅಪ್‌ಡೇಟ್ ಕೊಟ್ಟಿತು. ಆದರೆ ಅದು ತೋರಿಸಲು ಮಾಡಿದ ಪ್ರಯೋಗ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಸ್ಟೀಲ್ ಡಬ್ಬಿಯ ಮೈಮೇಲೆ ನೀರು ಹನಿಯುವುದನ್ನು ಎಲ್ಲರೂ ನೋಡಿದ್ದೇವೆ. ಆ ಹನಿ ಮದರ್‌ಬೋರ್ಡಿನ ಮೇಲೆ ಕೂಡ್ರುವುದು ಬೇಡ.

ಶುಕ್ರವಾರ ಕೂತು ಒಂದು ಲೆಕ್ಕ ಮಾಡಿದೆ. ಅದೇ ನನ್ನ ಕಣ್ಣು ತೆರೆಸಿದ್ದು. ಹೊಸ ಸಾಫ್ಟ್‌ವೇರ್ ಹಾಕಿದಾಗಲೆಲ್ಲ ಅಳೆಯಲು ಅಂತ 10 ನಿಮಿಷದ ಒಂದು ತುಣುಕು ಇಟ್ಟುಕೊಂಡಿದ್ದೇನೆ. ಮಶೀನು ಕೊಂಡದ್ದು 2023ರ ನವೆಂಬರ್. ಆ ಡಿಸೆಂಬರಿನಲ್ಲಿ, ಖೋಲಿ 22 ಡಿಗ್ರಿ ಇದ್ದಾಗ, ಆ ತುಣುಕಿಗೆ 6 ನಿಮಿಷ 10 ಸೆಕೆಂಡು ಹಿಡಿದಿತ್ತು. ಈಗ 15 ನಿಮಿಷ. ಪ್ರೊಸೆಸರ್ ಚಿಪ್ಪಿನ ಗಡಿ 100 ಡಿಗ್ರಿ, ಅದಕ್ಕಿಂತ ಮೇಲೆ ಅದು ಹೋಗಲೊಲ್ಲದು. ಖೋಲಿ 22 ಇದ್ದರೆ ಬಿಸಿ ಹೊರಗೆ ತಳ್ಳಲು 78 ಡಿಗ್ರಿಯ ಇಳಿಜಾರು ಸಿಗುತ್ತದೆ. ಖೋಲಿ 39 ಇದ್ದರೆ 61 ಮಾತ್ರ. ಎಂದರೆ ಅದೇ ಫ್ಯಾನು, ಬಿಸಿ ಸಾಗಿಸುವ ಅದೇ ತಾಮ್ರ ಇದ್ದರೂ ಐದರಲ್ಲಿ ಒಂದು ಪಾಲು ಬಿಸಿ ಕಡಿಮೆ ಹೊರಹೋಗುತ್ತದೆ. ಬಿಸಿಲಿನ ಪಾಲು ಅಷ್ಟೇ. ಅಂದರೆ 6 ನಿಮಿಷದ ಕೆಲಸ ಹೆಚ್ಚೆಂದರೆ 8 ಆಗಬೇಕು. 15 ಆಗಿದ್ದರೆ ಉಳಿದ ಏಳು ನಿಮಿಷ ಯಾರು ತಿಂದರು?

ಶನಿವಾರ ಬೆಳಗ್ಗೆ ಗೆಳೆಯನ ಅಂಗಡಿಗೆ ಹೋದೆ. ಮೊಬೈಲು ಲ್ಯಾಪ್‌ಟಾಪು ರಿಪೇರಿ ಮಾಡುತ್ತಾನೆ, ಬಾಯಿ ಜೋರು, ಕೈ ಹಗುರ. ಕೆಳಗಿನ ಮುಚ್ಚಳಕ್ಕೆ ಹತ್ತು ಸಣ್ಣ ನಕ್ಷತ್ರದ ಸ್ಕ್ರೂ. ಬಿಚ್ಚಿ ನೋಡಿದವನೇ ನಕ್ಕ.

"ಲೇ, ಒಳಗ ಹೊಲಾನ ಐತಲ್ಲೋ. ಬಿತ್ತಿಗೆ ಮಾಡ್ತಿ ಏನು?"

ನೋಡಿದರೆ ಫ್ಯಾನು ಹೊರಗಿನಿಂದ ಸ್ವಚ್ಛ ಕಂಡಿತು. ಅದು ಮೋಸ. ಫ್ಯಾನಿಗೂ ಬಿಸಿ ಹೊರಬಿಡುವ ತಾಮ್ರದ ರೆಕ್ಕೆಗಳಿಗೂ ನಡುವೆ, ಹೊರಗಿನಿಂದ ಕಾಣದ ಜಾಗದಲ್ಲಿ, ಬೂದು ಬಣ್ಣದ ಕಂಬಳಿಯಂಥ ಒಂದು ಪಟ್ಟಿ. ಚಿಮಟದಿಂದ ಎಳೆದರೆ ಒಂದೇ ತುಂಡಾಗಿ ಬಂತು, ಬೆರಳಷ್ಟು ಉದ್ದ. ಧೂಳು, ಹತ್ತಿ ಎಳೆ, ಕಲ್ಯಾಣ ಮಂಟಪದ ಜಮಖಾನೆಯ ನೂಲು. ಅದರೊಳಗೆ ಅರ್ಧ ಒಡೆದ ಜೋಳದ ಕಾಳೊಂದು, ಗುಲಾಬಿ ಬಣ್ಣದ್ದು. ಅಕ್ಷತೆಕಾಳು! ಮಂಟಪದಲ್ಲಿ ಕಾರ್ಡು ಖಾಲಿ ಮಾಡಲು ಲ್ಯಾಪ್‌ಟಾಪು ತೆರೆದು ನೆಲದ ಮೇಲೇ ಇಡುತ್ತೇನೆ. ಅದು ಹೊಟ್ಟೆಯಿಂದ ಉಸಿರೆಳೆಯುತ್ತದೆ. ಯಾರ ತಲೆಗೆ ಬೀಳಬೇಕಾದ ಕಾಳೋ, ನನ್ನ ಮಶೀನಿನ ಮೂಗಿಗೆ ಹೋಗಿದೆ.

ಆ ರೆಕ್ಕೆಗಳ ಕೆಲಸ ತಿಕೋಟಾ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ದ್ರಾಕ್ಷಿ ಒಣಗಿಸುವ ಶೆಡ್ಡು ನೆನೆಸಿಕೊಳ್ಳಿ. ಒಂದರ ಮೇಲೊಂದು ಜಾಳಿಗೆ, ನಡುವೆ ಅಂತರ, ಎರಡೂ ಕಡೆ ಬಿಚ್ಚು. ಗಾಳಿ ಈ ಕಡೆ ಹೊಕ್ಕು ಆ ಕಡೆ ಹೋದರಷ್ಟೇ ಒಣದ್ರಾಕ್ಷಿ. ಒಂದು ಕಡೆ ತಾಡಪತ್ರಿ ಕಟ್ಟಿದರೆ ಎಂಥ ಗಾಳಿ ಬೀಸಿದರೂ ಹಣ್ಣು ಕೊಳೆಯುವುದೇ. ನನ್ನ ಫ್ಯಾನು ಆರು ತಿಂಗಳಿಂದಲೋ ಏನೋ ತಾಡಪತ್ರಿಗೆ ಗಾಳಿ ಹಾಕುತ್ತಿತ್ತು. ಜೋರಾಗಿ ತಿರುಗಿದ್ದಕ್ಕೆ ಸದ್ದು ಮಾತ್ರ ಹೆಚ್ಚಾಯಿತು.

ತಾಮ್ರದ ಚಪ್ಪಟೆ ಕೊಳವೆಗಳನ್ನು ಅವನು ಬೆರಳಿನಿಂದ ತೋರಿಸಿದ. ಅವು ಗಟ್ಟಿ ತಾಮ್ರವಲ್ಲ, ಒಳಗೆ ಟೊಳ್ಳು. ಗಾಳಿ ತೆಗೆದು ಹನಿ ನೀರು ಹಾಕಿ ಮುಚ್ಚಿರುತ್ತಾರೆ. ಚಿಪ್ಪಿನ ಬಳಿ ಆ ನೀರು ಆವಿಯಾಗುತ್ತದೆ, ರೆಕ್ಕೆಯ ಬಳಿ ಬಿಸಿ ಬಿಟ್ಟು ಮತ್ತೆ ನೀರಾಗುತ್ತದೆ, ಒಳಗೋಡೆಯ ಬತ್ತಿಯಂಥ ಪದರ ಹೀರಿ ವಾಪಸು ತರುತ್ತದೆ. ವಿದ್ಯುತ್ತಿಲ್ಲ, ಮೋಟರಿಲ್ಲ. ನನಗೆ ಇದು ಇಡೀ ಮಶೀನಿನಲ್ಲೇ ಚಂದದ ಭಾಗ ಅನ್ನಿಸಿತು. ಆದರೆ ತೆಳ್ಳಗಿನ ಮಶೀನಿನಲ್ಲಿ ಪ್ರೊಸೆಸರಿಗೂ ಗ್ರಾಫಿಕ್ಸ್ ಚಿಪ್ಪಿಗೂ ಸೇರಿ ಅವೇ ಕೊಳವೆ. ಒಬ್ಬ ಬಿಸಿಯಾದರೆ ಇನ್ನೊಬ್ಬನಿಗೂ ಬಿಸಿ, ಎರಡು ಮನೆಯ ಬಚ್ಚಲ ನೀರು ಒಂದೇ ಗಟಾರಕ್ಕೆ ಹರಿದ ಹಾಗೆ.

ಅವನು ಫ್ಯಾನಿನ ರೆಕ್ಕೆಗೆ ಹಲ್ಲುಕಡ್ಡಿ ತೂರಿಸಿ ತಿರುಗದಂತೆ ಹಿಡಿದು ಬ್ಲೋವರ್ ಹೊಡೆದ. ಹಾಗೇ ಹೊಡೆದರೆ ಗಾಳಿಗೆ ಫ್ಯಾನು ಅಳತೆ ಮೀರಿ ತಿರುಗಿ ಹಾಳಾಗಬಹುದಂತೆ. ಚಿಪ್ಪಿನಿಂದ ತಾಮ್ರಕ್ಕೆ ಬಿಸಿ ದಾಟಿಸುವ ಪೇಸ್ಟು ಒಣಗಿ ಅಂಚಿಗೆ ಸರಿದಿತ್ತು, ನಡುವೆ ಬೆಳ್ಳಿಯಂತೆ ಚಿಪ್ಪೇ ಕಾಣುತ್ತಿತ್ತು. ಸ್ಪಿರಿಟ್ಟಿನಿಂದ ಒರೆಸಿ ಹೊಸದು ಹಚ್ಚಿದ. "ಲಿಕ್ವಿಡ್ ಮೆಟಲ್ ಹಾಕ್ಲೇನು? ಇನ್ನೂ ತಂಪ" ಅಂದ. ಪೇಸ್ಟಿನ ಬದಲು ಹಚ್ಚುವ ದ್ರವ ಲೋಹ ಅದು. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ತಿನ್ನುತ್ತದೆ, ಹನಿ ಸರಿದು ಬೋರ್ಡಿಗೆ ತಾಗಿದರೆ ಶಾರ್ಟ್. ಈ ಮಶೀನನ್ನು ಬೈಕಿನ ಮೇಲೆ ನಮ್ಮ ರಸ್ತೆಗಳಲ್ಲಿ ಒಯ್ಯುವವನು ನಾನು. ಬ್ಯಾಡ ಮಾರಾಯಾ ಅಂದೆ. 600 ರೂಪಾಯಿ, ಒಂದು ಚಹಾ.

ಮನೆಗೆ ಬಂದು ಅದೇ ಖೋಲಿ, ಅದೇ 39 ಡಿಗ್ರಿ, ಅದೇ ತುಣುಕು. 7 ನಿಮಿಷ 50 ಸೆಕೆಂಡು. ಲೆಕ್ಕ ತಾಳೆಯಾಯಿತು ಅಂತ ಪರೀಕ್ಷೆ ಪಾಸಾದ ಹುಡುಗನಂತೆ ಒಬ್ಬನೇ ನಕ್ಕೆ.

ಅದಕ್ಕಿಂತ ಮಜಾ ಅನ್ನಿಸಿದ್ದು ಗೆಳೆಯ ಹೇಳಿದ ಇನ್ನೊಂದು ಮಾತು. ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿ 100 ಇರುತ್ತದೆ, ಅದನ್ನು 99 ಮಾಡು ಅಂದ. ಒಂದೇ ಒಂದು ಪರ್ಸೆಂಟು. ಮಾಡಿದರೆ ಟರ್ಬೊ, ಎಂದರೆ ಸ್ವಲ್ಪ ಹೊತ್ತಿನ ಆ ಹೆಚ್ಚುವರಿ ವೇಗ, ಪೂರ್ತಿ ಬಂದ್ ಆಗುತ್ತದೆ, ಪ್ರೊಸೆಸರು 2.6 ಗಿಗಾಹರ್ಟ್ಜಿನಲ್ಲಿ ಸುಮ್ಮನೆ ನಡೆಯುತ್ತದೆ. ವೇಗ ಕಡಿಮೆ ಮಾಡಿದ್ದೇನೆ, ಹೊತ್ತು ಹೆಚ್ಚು ಹಿಡಿಯಬೇಕಲ್ಲ? 7 ನಿಮಿಷ 15. ಬೇಗನೇ ಮುಗಿಯಿತು! ಬಚ್ಚಲಿನ ಕತೆಯೇ ಇದು. ಪ್ರೊಸೆಸರು ಬಿಸಿ ಸುರಿಯುವುದು ಕಡಿಮೆಯಾಯಿತು, ನಾಯ್ಸ್ ರಿಡಕ್ಷನ್ನಿನ ಭಾರ ಹೊತ್ತ ಗ್ರಾಫಿಕ್ಸ್ ಚಿಪ್ಪಿಗೆ ಜಾಗ ಸಿಕ್ಕಿತು. ಎಲ್ಲ ಕೆಲಸಕ್ಕೂ ಹೀಗಾಗುವುದಿಲ್ಲ. ಪ್ರೊಸೆಸರೇ ಎಳೆಯುವ ಕೆಲಸವಾದರೆ ಟರ್ಬೊ ಬಂದ್ ಮಾಡಿದಷ್ಟೂ ನಷ್ಟ. ನನ್ನ ಕೆಲಸಕ್ಕೆ ಒಗ್ಗಿತು.

ಹಾಗಿದ್ದ ಮೇಲೆ ಹಳ್ಳಿಗೆ ಯಾಕೆ ಬಂದೆ ಅಂದರೆ, ಇವತ್ತು ನಮ್ಮ ಓಣಿಯಲ್ಲಿ ಮಧ್ಯಾಹ್ನವೆಲ್ಲ ಕರೆಂಟಿಲ್ಲ. ಆಯಿಯನ್ನು ನೋಡಿ ತಿಂಗಳಾಗಿತ್ತು ಕೂಡ.

ಈ ಮನೆಗೆ ಕಟ್ಟಿಗೆಯ ತೊಲೆ, ಜಂತಿ, ಮೇಲೆ ಮಣ್ಣು. ಗೋಡೆ ಎರಡು ಮೊಳ. ಮಧ್ಯಾಹ್ನ ಮೂರಕ್ಕೆ ಹೊರಗೆ ಬೆಂಕಿ, ಪಡಸಾಲಿಯಲ್ಲಿ 31. ಗಡಿಯಾರ ಚೀಲದಲ್ಲಿ ತಂದಿದ್ದೆ, ಸಂಶಯವಿದ್ದವರಿಗೆ. ಗೋಳಗುಮ್ಮಟದ ಗೋಡೆ ಸುಮಾರು 3 ಮೀಟರ್ ದಪ್ಪ. ಮೇ ತಿಂಗಳಲ್ಲಿ ಅಲ್ಲಿ ಒಳಗೆ ಕಾಲಿಟ್ಟವರಿಗೆ ಆ ತಂಪು ಗೊತ್ತು. ದಪ್ಪ ಗೋಡೆಯೊಳಗೆ ಬಿಸಿಲು ಹೊಕ್ಕು ಬರುವಷ್ಟರಲ್ಲಿ ರಾತ್ರಿ ಆಗಿರುತ್ತದೆ. ನನ್ನ ಎರಡು ಕಿಲೋ ಮಶೀನು ಅರ್ಧ ನಿಮಿಷಕ್ಕೇ ತುಂಬಿ ಹೋಗುತ್ತದೆ.

ಗಾಳಿ ಬರಲಿ ಅಂತ ನಾನು ಕಿಡಕಿ ತೆರೆದೆ. ಆಯಿ ಅಡಗಿ ಮನೆಯಿಂದಲೇ ಒದರಿದಳು. "ಹಗಲಿ ಕಿಡಕಿ ತಗೀಬ್ಯಾಡೋ, ಬಿಸಲು ಒಳಗ ಬರತೈತಿ. ಹೊತ್ತ ಮುಳುಗಿದ ಮ್ಯಾಲ ತಗಿ." ಆಮೇಲೆ ಬಂದು ಲ್ಯಾಪ್‌ಟಾಪಿನ ಹಿಂದಿನಿಂದ ಬರುವ ಗಾಳಿಗೆ ಕೈ ಹಿಡಿದು ನೋಡಿದಳು. "ಮೂಲ್ಯಾಗ ಯಾಕ ಇಟ್ಟಿ? ಬೆಳಕಿಂಡಿ ಕೆಳಗ ಇಡು, ಬಿಸಿ ಮ್ಯಾಲ ಹೋಗತೈತಿ." ಇಟ್ಟಂಗಿ ಹೊತ್ತು ತಂದವಳೂ ಅವಳೇ, ನಾನು ಬೇಡ ಅಂದರೂ. ತುಣುಕು ಹಚ್ಚಿ ನೋಡಿದೆ: 6 ನಿಮಿಷ 35. ಡಿಸೆಂಬರಿಗಿಂತ 25 ಸೆಕೆಂಡು ಮಾತ್ರ ಹೆಚ್ಚು.

ಊಟಕ್ಕೆ ಕುಂತಾಗ ಪಾಕೀಟಿನಿಂದ ಆ ಗುಲಾಬಿ ಕಾಳು ತೆಗೆದು ತೋರಿಸಿದೆ, ನಗಲಿ ಅಂತ. ನಗಲಿಲ್ಲ. ಯಾರ ಲಗ್ನದ್ದು ಅಂತ ಕೇಳಿದಳು. ಗೊತ್ತಿಲ್ಲ, ಒಂದೂವರೆ ವರ್ಷದಲ್ಲಿ ಅರವತ್ತಾದರೂ ಆಗಿರಬೇಕು ಅಂದೆ. "ಅಕ್ಷತಿಕಾಳು ಕಸದಾಗ ಒಗೀಬಾರದು" ಅಂತ ಒಯ್ದು ದೇವರ ಜಗಲಿಯ ಮೇಲೆ, ಕುಂಕುಮದ ಭರಣಿಯ ಪಕ್ಕ ಇಟ್ಟಳು.

12:15. ಎಕ್ಸ್‌ಪೋರ್ಟ್ ಮುಗಿದ ಗಂಟೆ ಈಗ ಹೊಡೆಯಿತು. ಕಿಡಕಿ ತೆರೆದಿದೆ, ಆಯಿ ಮಲಗಿದ್ದಾಳೆ. ಫ್ಯಾನು ಇನ್ನೂ ನಿಂತಿಲ್ಲ.